ಹೊರಗೆ ಮಿರಿಮಿರಿ, ಒಳಗೆ ಕಂದು: ಫ್ರಿಜ್‌ನಲ್ಲಿಟ್ಟ ಪ್ಲಮ್‌ಗೆ ಆಗಿದ್ದೇನು?

ಪ್ರಶ್ನೆ: ಒಂಬತ್ತು ದಿನದ ಹಿಂದೆ ಎರಡು ಕಿಲೋ ಪ್ಲಮ್ ತಂದೆ. ಗಟ್ಟಿ ಇದ್ದರೆ ತಾಜಾ ಅಂದುಕೊಂಡು ಗಟ್ಟಿಯವನ್ನೇ ಆರಿಸಿದ್ದೆ. ಮೈಮೇಲೆ ಬಿಳಿ ಪುಡಿ ಇತ್ತು. ಔಷಧಿ ಹೊಡೆದಿರಬೇಕು ಅಂತ ಉಪ್ಪುನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಮುಚ್ಚಳದ ಡಬ್ಬಿಗೆ ತುಂಬಿ ಅವತ್ತೇ ಫ್ರಿಜ್‌ನಲ್ಲಿಟ್ಟೆ. ಮೊನ್ನೆ ನಾಲ್ಕು ಹಣ್ಣು ಹೊರಗಿಟ್ಟು ನಿನ್ನೆ ಕೊಯ್ದರೆ ಗೊರಟಿನ ಸುತ್ತ ಕಂದು ಬಣ್ಣ, ತಿರುಳು ಹಿಟ್ಟು ಹಿಟ್ಟು, ರುಚಿಯೇ ಇಲ್ಲ. ಹೊರಗೆ ಒಂದು ಕಲೆಯೂ ಇರಲಿಲ್ಲ! ಮಗಳು ಅಷ್ಟರಲ್ಲಿ ಒಂದನ್ನು ತಿಂದು ಮುಗಿಸಿದ್ದಳು. ಡಬ್ಬಿಯ ತಳದಲ್ಲಿ ಒಂದಕ್ಕೆ ಬೂಸ್ಟು ಬೇರೆ ಬಂದಿತ್ತು. ಕಂದಾಗಿದ್ದನ್ನು ತಿಂದರೆ ತೊಂದರೆ ಇದೆಯೇ? ನನಗೆ ಹಳೇ ಹಣ್ಣು ಕೊಟ್ಟರೇ? ಇನ್ನೂ ಏಳು ಉಳಿದಿವೆ. ಎಸೆಯಲೇ?

ಉತ್ತರ: ಮೊದಲು ಮಗಳ ವಿಷಯ. ಗಾಬರಿ ಬೇಡ. ನೀವು ಹೇಳಿದ ಕಂದು ಬಣ್ಣ ಕೊಳೆತದ್ದಲ್ಲ, ವಿಷವೂ ಅಲ್ಲ. ಅದು ಚಳಿಗೆ ಹಣ್ಣಿನ ಒಳಗೇ ಆಗುವ ಗಾಯ. ಬೂಸ್ಟು, ಹುಳಿ ವಾಸನೆ, ಹೆಂಡದಂಥ ವಾಸನೆ ಇಲ್ಲದಿದ್ದರೆ ಅಂಥ ಹಣ್ಣು ತಿಂದವರಿಗೆ ಆಗುವ ನಷ್ಟ ರುಚಿಯದ್ದು ಮಾತ್ರ.

ಎರಡನೆಯದು, ನಿಮಗೆ ಹಳೇ ಹಣ್ಣು ಕೊಟ್ಟರೇ ಅನ್ನುವುದು. ಕೊಟ್ಟಿರಲೂಬಹುದು, ಆದರೆ ಈ ಲಕ್ಷಣಕ್ಕೆ ಅದೇ ಕಾರಣ ಆಗಬೇಕಿಲ್ಲ. ಮರದಿಂದ ಕಿತ್ತ ಮೇಲೆ ಹಣ್ಣು ಹೇಗೆ ಬಾಳುತ್ತದೆ ಅನ್ನುವುದನ್ನು ನೋಡುವುದೇ ನನ್ನ ಕೆಲಸ. ಶೀತಲ ಕೋಣೆಯಿಂದ ತಂದ ಪ್ಲಮ್‌ಗಳನ್ನು ಕೊಯ್ದು ಕೊಯ್ದು ಬೆರಳು ಕಪ್ಪಾಗಿದ್ದಿದೆ. ನೀವು ವರ್ಣಿಸಿದ ಚಿತ್ರ ನನಗೆ ತೀರಾ ಪರಿಚಿತ. ಒಳ್ಳೆಯ ಕಾಯಿಯನ್ನು ಹಣ್ಣಾಗುವ ಮೊದಲೇ ಫ್ರಿಜ್‌ಗೆ ಸೇರಿಸಿ, ಅಲ್ಲಿ ಒಂದು ವಾರ ದಾಟಿಸಿದರೆ ಸಾಕು, ಹೀಗೇ ಆಗಬಹುದು. ಇನ್ನೊಂದು ಸಾಧ್ಯತೆಯೂ ಇದೆ: ನಿಮ್ಮ ಕೈಗೆ ಬರುವ ಮೊದಲೇ ಅದು ದಾರಿಯಲ್ಲೋ ದಾಸ್ತಾನಿನಲ್ಲೋ ಇದೇ ಬಗೆಯ ಅರೆಚಳಿಯಲ್ಲಿ ಒಂದಷ್ಟು ದಿನ ಕಳೆದಿರಬಹುದು. ಹೊರಗಿನಿಂದ ನೋಡಿ ಅದನ್ನು ಹೇಳಲು ನನಗೂ ಆಗುವುದಿಲ್ಲ.

ಈ ಅರೆಚಳಿಯ ಲೆಕ್ಕ ಸ್ವಲ್ಪ ವಿಚಿತ್ರ. ಚಳಿ ಜಾಸ್ತಿಯಾದಷ್ಟೂ ಹಾನಿ ಜಾಸ್ತಿ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಪ್ಲಮ್‌ನಲ್ಲಿ ಹಾಗಿಲ್ಲ. ಹೆಚ್ಚು ದಿನ ಇಡಬೇಕಾದಾಗ ಶೀತಲ ಕೋಣೆಗಳಲ್ಲಿ ಇದನ್ನು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲವೊಮ್ಮೆ ಅದಕ್ಕಿಂತ ಒಂದು ಡಿಗ್ರಿ ಕೆಳಗೂ ಇಡುತ್ತಾರೆ. ಗಾಳಿಯ ತೇವ ಶೇಕಡಾ 90ರಿಂದ 95. ರಸದಲ್ಲಿ ಸಕ್ಕರೆ ಇರುವುದರಿಂದ ಅದು ನೀರಿನ ಹಾಗೆ 0 ಡಿಗ್ರಿಗೇ ಗಡ್ಡೆ ಕಟ್ಟುವುದಿಲ್ಲ. ಅಲ್ಲಿ ಹಣ್ಣು ಹೆಚ್ಚುಕಡಿಮೆ ನಿದ್ದೆಗೆ ಜಾರುತ್ತದೆ. ಇತ್ತ 20 ಡಿಗ್ರಿಯಲ್ಲಿ ಎಚ್ಚರವಾಗಿದ್ದು ಚೆನ್ನಾಗಿ ಮಾಗುತ್ತದೆ. ಕೆಟ್ಟದ್ದು ನಡುವಿನ ಜಾಗ: 2ರಿಂದ 8 ಡಿಗ್ರಿ, ಅದರಲ್ಲೂ 5ರ ಆಸುಪಾಸು. ನಮ್ಮ ಮನೆಯ ಫ್ರಿಜ್ ಎಷ್ಟರಲ್ಲಿ ಇರುತ್ತದೆ? ಸಾಮಾನ್ಯವಾಗಿ 4 ಅಥವಾ 5ರಲ್ಲಿ. ಅಂದರೆ ಕಾಯಿಯಾಗಿರುವ ಪ್ಲಮ್‌ಗೆ ಯಾವ ತಾಪಮಾನ ಆಗಿಬರುವುದಿಲ್ಲವೋ ನಾವು ಅದನ್ನೇ ಒದಗಿಸುತ್ತೇವೆ.

ಒಳಗೆ ಆಗುವುದು ಇಷ್ಟು. ಹಣ್ಣು ಮಾಗುವಾಗ ಜೀವಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ ಹಂತಹಂತವಾಗಿ ಕರಗಬೇಕು. ಈ ಕೆಲಸ ಒಂದೇ ಕಿಣ್ವದ್ದಲ್ಲ. ಒಂದು ಪೆಕ್ಟಿನ್ನನ್ನು ಸಡಿಲ ಮಾಡಿಕೊಟ್ಟರೆ ಮತ್ತೊಂದು ಅದನ್ನು ತುಂಡು ಮಾಡುತ್ತದೆ. ಅರೆಚಳಿಯಲ್ಲಿ ಮೊದಲನೆಯದು ಕೆಲಸ ಮುಂದುವರಿಸುತ್ತದೆ, ಎರಡನೆಯದು ಕೈಕಟ್ಟಿ ಕೂರುತ್ತದೆ. ಅರ್ಧ ಕೆಲಸವಾದ ಪೆಕ್ಟಿನ್ ಜೆಲ್ಲಿಯ ಹಾಗೆ ಗಟ್ಟಿಗಟ್ಟಿ, ಹಣ್ಣಿನ ರಸವನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹಣ್ಣಲ್ಲಿ ನೀರು ಇದ್ದೇ ಇದೆ, ನಾಲಿಗೆಗೆ ಸಿಗುವುದಿಲ್ಲ. ಅದೇ ನೀವು ಹೇಳಿದ ಹಿಟ್ಟು ಹಿಟ್ಟು. ಇನ್ನೊಂದು ಕಡೆ ಜೀವಕೋಶದ ಒಳಪೊರೆಗಳು ಸೋರತೊಡಗುತ್ತವೆ. ಬೇರೆ ಬೇರೆ ಇರಬೇಕಾದ ರಾಸಾಯನಿಕಗಳು ಒಂದಕ್ಕೊಂದು ಸಿಕ್ಕಿ ತಿರುಳು ಕಂದಾಗುತ್ತದೆ. ಕೊಯ್ದಿಟ್ಟ ಸೇಬು ಕಂದಾಗುವುದೂ ಇದೇ ಕ್ರಿಯೆಯಿಂದ. ಇಲ್ಲಿ ಚಾಕು ತಾಗುವ ಮೊದಲೇ ಆಗಿರುತ್ತದೆ, ಅಷ್ಟೇ ವ್ಯತ್ಯಾಸ.

ಮೋಸ ಎಲ್ಲಿದೆ ಅಂದರೆ, ಫ್ರಿಜ್‌ನಲ್ಲಿ ಇರುವಷ್ಟು ದಿನ ಇದು ಕಾಣಿಸದೇ ಇರಬಹುದು. ಹೊರಗೆ ತೆಗೆದು ಬೆಚ್ಚಗಾದ ಮೇಲೆ, ಹಣ್ಣು ಮಾಗಲು ಹೊರಟಾಗ, ಒಳಗಿನ ಗಾಯ ಎದ್ದು ಕಾಣುತ್ತದೆ. ನೀವು ಮೊನ್ನೆ ಹೊರಗಿಟ್ಟು ನಿನ್ನೆ ಕೊಯ್ದಿದ್ದೀರಿ. ಲೆಕ್ಕ ಸರಿಹೋಗುತ್ತದೆ.

ಹಾಗಾದರೆ ಫ್ರಿಜ್ ಬೇಡವೇ? ಬೇಕು, ಆದರೆ ಹಣ್ಣಾದ ಮೇಲೆ. ಸರಿಯಾಗಿ ಮಾಗಿದ ಪ್ಲಮ್ ಈ ಚಳಿಯನ್ನು ಕಾಯಿಗಿಂತ ಚೆನ್ನಾಗಿ ತಡೆಯುತ್ತದೆ. ಮೂರರಿಂದ ಐದು ದಿನ ಆರಾಮಾಗಿ ಇರುತ್ತದೆ, ಅಷ್ಟರಲ್ಲಿ ತಿಂದು ಮುಗಿಸಬಹುದು. ಕೆಲವರು ಫ್ರಿಜ್‌ನ ಗುಂಡಿಯನ್ನು ತೀರಾ ಚಳಿಗೆ ತಿರುಗಿಸಿ 0 ಡಿಗ್ರಿ ಮಾಡಲೇ ಅಂತ ಕೇಳುತ್ತಾರೆ. ಬೇಡ. ಬಾಗಿಲು ತೆಗೆದು ಹಾಕುವ ಫ್ರಿಜ್‌ನಲ್ಲಿ ಅದು ಒಂದೇ ಸಮ ನಿಲ್ಲುವುದಿಲ್ಲ. ಹಿಂದಿನ ಗೋಡೆಗೆ ತಾಗಿದ್ದ ತರಕಾರಿ ಗಡ್ಡೆ ಕಟ್ಟುತ್ತದೆ, ಬಾಗಿಲ ಹತ್ತಿರದ್ದು ಹಾಗೇ ಇರುತ್ತದೆ. ನಿಮ್ಮ ಫ್ರಿಜ್ ನಿಜವಾಗಿ ಎಷ್ಟಿದೆ ಅಂತ ನೋಡುವ ಆಸೆ ಇದ್ದರೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿಯೆಲ್ಲ ಬಿಡಿ. ಜ್ವರದ ಥರ್ಮಾಮೀಟರ್ ಅಲ್ಲ, ಅಡುಗೆಮನೆಯದ್ದು.

ಈಗ ತಾಜಾ ಅನ್ನುವ ಮಾತಿಗೆ ಬರುತ್ತೇನೆ, ಯಾಕೆಂದರೆ ಎಡವಟ್ಟು ಶುರುವಾದದ್ದೇ ಅಲ್ಲಿ. ಗಟ್ಟಿ ಇದ್ದರೆ ತಾಜಾ ಅಂದಿರಿ. ತಾಜಾತನ ಬೇರೆ, ಮಾಗಿರುವುದು ಬೇರೆ. ನಿನ್ನೆ ಮರದಿಂದ ಕಿತ್ತ ಮೆತ್ತಗಿನ ಹಣ್ಣು ತಾಜಾ. ಒಂದು ತಿಂಗಳು ಕೋಣೆಯಲ್ಲಿದ್ದ ಗಟ್ಟಿ ಕಾಯಿ ತಾಜಾ ಅಲ್ಲ. ಗಟ್ಟಿತನ ಎಷ್ಟು ಮಾಗಿದೆ ಅಂತ ಹೇಳುತ್ತದೆ, ಯಾವಾಗ ಕಿತ್ತರು ಅಂತ ಹೇಳುವುದಿಲ್ಲ.

ತಾಜಾತನ ನೋಡಲು ನಾನು ಮೊದಲು ಕಣ್ಣು ಹಾಯಿಸುವುದು ತೊಟ್ಟಿನ ಕಡೆಗೆ. ತೊಟ್ಟು ಉಳಿದಿದ್ದು ಹಸಿರಾಗಿ, ಬಾಗಿಸಿದರೆ ಬಾಗುವಂತಿದ್ದರೆ ಕಿತ್ತು ಜಾಸ್ತಿ ದಿನವಾಗಿಲ್ಲ. ಕಂದಾಗಿ ಕಡ್ಡಿಯ ಹಾಗೆ ಒಣಗಿದ್ದರೆ ದಿನಗಳಾಗಿವೆ. ಬಹಳಷ್ಟು ಹಣ್ಣಿಗೆ ತೊಟ್ಟೇ ಇರುವುದಿಲ್ಲ. ಆಗ ತೊಟ್ಟು ಇದ್ದ ಕುಳಿ ನೋಡಿ. ಒಣಗಿ ಚೊಕ್ಕವಾಗಿರಬೇಕು. ಅಂಟು, ಒದ್ದೆ, ಬೂಸ್ಟಿನ ಎಳೆ ಕಂಡರೆ ವಾಪಸ್ ಇಟ್ಟುಬಿಡಿ. ಆಮೇಲೆ ಕುಳಿಯ ಸುತ್ತಲಿನ ಭುಜ. ನೀರು ಆರಿದ ಹಣ್ಣು ಮೊದಲು ಸುಕ್ಕಾಗುವುದು ಅಲ್ಲೇ. ಬಿಗಿಯಾಗಿದ್ದರೆ ಒಳ್ಳೆಯದು. ಸಣ್ಣ ಸುಕ್ಕು ಇದ್ದರೆ ಹಣ್ಣು ಕೆಟ್ಟಿದೆ ಅಂತಲ್ಲ, ಸ್ವಲ್ಪ ಬಾಡಿದೆ ಅಂತ. ಮೆತ್ತಗಾಗಿ ಸಣ್ಣಗೆ ಸುಕ್ಕಾದ ಹಣ್ಣು ಕೆಲವೊಮ್ಮೆ ಬುಟ್ಟಿಯಲ್ಲೇ ಎಲ್ಲಕ್ಕಿಂತ ಸಿಹಿಯಾಗಿರುತ್ತದೆ, ನೀರು ಕಡಿಮೆಯಾಗಿ ಸಕ್ಕರೆ ಗಾಢವಾಗಿರುತ್ತದಲ್ಲ. ಆದರೆ ಕಲ್ಲಿನ ಹಾಗೆ ಗಟ್ಟಿಯಾಗಿದ್ದೂ ಸುಕ್ಕಾಗಿದ್ದರೆ ಮುಟ್ಟಬೇಡಿ. ಅದು ಬಲಿಯುವ ಮೊದಲೇ ಕಿತ್ತದ್ದು. ಒಣಗುತ್ತದೆಯೇ ಹೊರತು ಹಣ್ಣಾಗುವುದಿಲ್ಲ.

ತೂಕವನ್ನೂ ನೋಡಿ. ಒಂದೇ ಗಾತ್ರದ ಎರಡನ್ನು ಎರಡು ಅಂಗೈಯಲ್ಲಿ ಹಿಡಿಯಿರಿ, ಭಾರದ್ದೇ ರಸದ್ದು. ಬಣ್ಣವನ್ನು ಮಾತ್ರ ನಂಬಬೇಡಿ. ಎಷ್ಟೋ ತಳಿಗಳಲ್ಲಿ ಕಾಯಿ ಇನ್ನೂ ಗಟ್ಟಿ ಇರುವಾಗಲೇ ಸಿಪ್ಪೆ ಕಡುಗೆಂಪಾಗಿರುತ್ತದೆ. ಮಾಗಿದರೂ ಹಳದಿಯಾಗಿಯೇ ಇರುವ, ಹಸಿರಾಗಿಯೇ ಇರುವ ಪ್ಲಮ್‌ಗಳೂ ಇವೆ.

ಇನ್ನು ಬಿಳಿ ಪುಡಿ. ಪಾಪ, ಅದನ್ನು ಉಜ್ಜಿ ಉಜ್ಜಿ ತೆಗೆದಿದ್ದೀರಿ! ಅದು ಹಣ್ಣು ತಾನೇ ಮಾಡಿಕೊಂಡ ಮೇಣ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಹರಳುಗಳು ಬೆಳಕನ್ನು ಚದುರಿಸುವುದರಿಂದ ಬೂದಿ ಬಳಿದ ಹಾಗೆ ಕಾಣುತ್ತದೆ. ಒಳಗಿನ ನೀರು ಬೇಗ ಆರದಂತೆ ತಡೆಯುವುದು ಅದರ ಕೆಲಸ. ಕೈ ತಾಗಿದಲ್ಲೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಬೂದಿ ಒಂದೇ ಸಮ ಇರುವ ಹಣ್ಣು ಅಂದರೆ ಹೆಚ್ಚು ಕೈ ಬದಲಾಗಿಲ್ಲದ, ಉಜ್ಜಾಟ ಕಾಣದ ಹಣ್ಣು. ನಾನು ಅಂಥದ್ದನ್ನೇ ಹುಡುಕುತ್ತೇನೆ.

ಬೂದಿಯೋ ಬೂಸ್ಟೋ ಅನ್ನುವ ಅನುಮಾನ ಬಂದರೆ ಬೆರಳಿನಿಂದ ಒಮ್ಮೆ ಮೆಲ್ಲಗೆ ಒರೆಸಿ. ಬೂದಿಯಾದರೆ ಬೆರಳು ಹೋದ ಹಾದಿಯಲ್ಲಿ ಸಿಪ್ಪೆ ಫಳಫಳ ಅನ್ನುತ್ತದೆ, ಕೆಳಗೆ ಗಟ್ಟಿ ಸಿಪ್ಪೆ ಹಾಗೇ ಇರುತ್ತದೆ. ಬೂಸ್ಟು ಒಂದೇ ಸಮ ಇರುವುದಿಲ್ಲ. ಗಾಯದ ಮೇಲೋ ತೊಟ್ಟಿನ ಹತ್ತಿರವೋ ಗುಂಪಾಗಿ, ನವಿರಾಗಿ ಎದ್ದಿರುತ್ತದೆ. ಅದರಡಿಯ ತಿರುಳು ಒತ್ತಿದರೆ ಕುಸಿಯುತ್ತದೆ. ಸಿಂಪಡಿಸಿದ ಔಷಧಿ ಒಣಗಿ ಉಳಿದಿದ್ದರೆ ಹನಿ ಹನಿ ಚುಕ್ಕಿಯಾಗಿ, ಇಲ್ಲವೇ ಇಳಿದು ಹೋದ ಗೆರೆಯಾಗಿ ಕಾಣಬಹುದು. ಆದರೆ ಕಣ್ಣಿಗೆ ಏನೂ ಕಾಣಲಿಲ್ಲವೆಂದು ಔಷಧಿ ಇಲ್ಲವೇ ಇಲ್ಲ ಅನ್ನಲಾಗದು. ಆದ್ದರಿಂದ ತೊಳೆಯುವುದು ಬೇಕು, ತಿನ್ನುವ ಸ್ವಲ್ಪ ಮುಂಚೆ. ಹರಿಯುವ ನೀರಿನಲ್ಲಿ ಅಂಗೈಯಿಂದ ಉಜ್ಜಿದರೆ ಸಾಕು. ಮೇಲ್ಮೈ ಕೊಳೆ, ಒಂದಷ್ಟು ಔಷಧಿ ಹೋಗುತ್ತದೆ. ಸಿಪ್ಪೆಯೊಳಗೆ ಇಳಿದದ್ದು ಉಪ್ಪುನೀರಿಗೂ ಬರುವುದಿಲ್ಲ. ಸೋಪು ಹಾಕಬೇಡಿ.

ನಿಮ್ಮ ಡಬ್ಬಿಯಲ್ಲಿ ಬೂಸ್ಟು ಬಂದದ್ದು ಯಾಕೆ ಅಂತ ಈಗ ನಿಮಗೇ ಹೊಳೆದಿರಬೇಕು. ಮೇಣ ಉಜ್ಜಿಹೋದ ಸಿಪ್ಪೆ, ಆರದ ನೀರು, ಮುಚ್ಚಿದ ಡಬ್ಬಿ. ತಳದ ಹಣ್ಣಿನ ಮೇಲೆ ಉಳಿದವುಗಳ ಭಾರ ಬೇರೆ. ಪ್ಲಮ್‌ನ ಬೂಸ್ಟುಗಳಲ್ಲಿ ಕೆಲವು ಫ್ರಿಜ್‌ನ ಚಳಿಗೂ ಜಗ್ಗುವುದಿಲ್ಲ, ನಿಧಾನಕ್ಕೆ ಬೆಳೆಯುತ್ತಲೇ ಇರುತ್ತವೆ. ಬೂಸ್ಟು ಬಂದ ಪ್ಲಮ್ಮನ್ನು ಪೂರ್ತಿ ಎಸೆಯಿರಿ. ಆ ಭಾಗ ಕೆತ್ತಿ ಉಳಿದದ್ದು ತಿನ್ನೋಣ ಅನ್ನುವುದು ಗಟ್ಟಿ ತರಕಾರಿಗೆ ಸರಿ. ಇಷ್ಟು ರಸ ಇರುವ ಮೆತ್ತಗಿನ ಹಣ್ಣಿನಲ್ಲಿ ಅದರ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತವೆ, ಕೆಲವು ಬೂಸ್ಟು ವಿಷವನ್ನೂ ಬಿಡುತ್ತದೆ. ಮೂಗಿನ ಹತ್ತಿರ ಹಿಡಿದು ಮೂಸಬೇಡಿ. ಅದಕ್ಕೆ ತಾಗಿಕೊಂಡಿದ್ದ ಹಣ್ಣುಗಳನ್ನು ಬೇರೆ ಇಟ್ಟು, ತೊಳೆದು, ಗಟ್ಟಿಯಾಗಿದ್ದರೆ ಅವತ್ತೇ ಬಳಸಿ. ತಾಗದೇ ಇದ್ದವನ್ನು ಎಸೆಯಬೇಕಿಲ್ಲ. ಡಬ್ಬಿಯನ್ನು ಸೋಪು ಹಾಕಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಮುಂದಿನ ಸಲದ ಹಣ್ಣಿಗೆ ಅದೇ ಬೀಜ.

ಮುಂದಿನ ಸಲ ತಂದಾಗ ಹೀಗೆ ಮಾಡಿ. ತೊಳೆಯದೆ, ಒಂದರ ಮೇಲೊಂದು ಹೇರದೆ, ತೊಟ್ಟಿನ ಕಡೆ ಕೆಳಗಾಗುವಂತೆ ತಟ್ಟೆಯಲ್ಲಿ ಹರಡಿ ಹೊರಗಿಡಿ. ಬಿಸಿಲು, ಒಲೆಯ ಪಕ್ಕ ಬೇಡ. 20ರಿಂದ 25 ಡಿಗ್ರಿ ಇದ್ದರೆ ದೋರುಗಾಯಿ ಎರಡರಿಂದ ನಾಲ್ಕು ದಿನದಲ್ಲಿ ಹಣ್ಣಾಗುತ್ತದೆ. 30 ದಾಟುವ ಸೆಕೆಯಲ್ಲಿ ಬೇಗ ಹಣ್ಣಾಗುತ್ತದೆ ಅಂದುಕೊಳ್ಳಬೇಡಿ. ಅಷ್ಟು ಸೆಕೆಗೆ ಮಾಗುವಿಕೆಯೇ ಹದ ತಪ್ಪುತ್ತದೆ. ಮನೆಯ ತಂಪಾದ ಮೂಲೆ ಹುಡುಕಿ.

ಬೇಗ ಬೇಕಿದ್ದರೆ ಕಾಗದದ ಚೀಲಕ್ಕೆ ಹಾಕಿ ಬಾಯಿ ಮಡಚಿ. ಜೊತೆಗೆ ಒಂದು ಮಾಗಿದ ಬಾಳೆಹಣ್ಣೋ ಸೇಬೋ ಇಡಿ. ಮಾಗುವ ಹಣ್ಣುಗಳು ಬಿಡುವ ಎಥಿಲೀನ್ ಎಂಬ ಅನಿಲವೇ ಬೇರೆ ಹಣ್ಣುಗಳಿಗೂ ಮಾಗುವ ಸೂಚನೆ ಕೊಡುತ್ತದೆ. ಪ್ಲಮ್‌ಗಳಲ್ಲಿ ಕೆಲವು ತಳಿಗಳು ಇದನ್ನು ತಾವೇ ತೀರಾ ಕಡಿಮೆ ತಯಾರಿಸುತ್ತವೆ, ಅವಕ್ಕೆ ಈ ಜೊತೆಗಾರನಿಂದ ನಿಜಕ್ಕೂ ಉಪಕಾರ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲ ಮಾತ್ರ ಬೇಡ. ಹಣ್ಣು ಉಸಿರಾಡುತ್ತದೆ. ಆಮ್ಲಜನಕ ತೀರಿದರೆ ಒಳಗೆ ಹುದುಗಿದ ವಾಸನೆ ಹುಟ್ಟುತ್ತದೆ, ಬೆವರಿದ ನೀರು ಬೂಸ್ಟಿಗೆ ದಾರಿ ಮಾಡುತ್ತದೆ. ದಿನಕ್ಕೊಮ್ಮೆ ಚೀಲ ತೆರೆದು ನೋಡಿ. ಎಲ್ಲವೂ ಒಂದೇ ದಿನ ಹಣ್ಣಾಗುವುದಿಲ್ಲ. ಹಣ್ಣಾದದ್ದನ್ನು ಹೆಕ್ಕಿ ಫ್ರಿಜ್‌ಗೆ ಸಾಗಿಸುತ್ತಾ ಬನ್ನಿ.

ಹಣ್ಣಾಯಿತು ಅಂತ ಹೇಗೆ ಗೊತ್ತು? ಹೆಬ್ಬೆರಳಿನಿಂದ ಹೊಟ್ಟೆಗೆ ಚುಚ್ಚಬೇಡಿ. ಇವತ್ತು ಚುಚ್ಚಿದ ಗುರುತು ನಾಡಿದ್ದು ಕಂದಾಗಿ ಕಾಣುತ್ತದೆ. ಹಣ್ಣನ್ನು ಅಂಗೈಯಲ್ಲಿ ಕೂರಿಸಿ, ತೊಟ್ಟಿನ ಪಕ್ಕದ ಭುಜವನ್ನು ಬೆರಳಿನ ತಿರುಳಿನಿಂದ ಸ್ವಲ್ಪವೇ ಒತ್ತಿ. ಒಳಕ್ಕೆ ಹೋಗಿ ಮತ್ತೆ ಮೇಲೆ ಬಂದರೆ ಇವತ್ತಿಗೆ ಸರಿ. ಒತ್ತಿದ ಗುಂಡಿ ಹಾಗೇ ನಿಂತರೆ ಕಳಿತು ಹೋಗಿದೆ. ಜಗ್ಗದಿದ್ದರೆ ನಾಳೆ ನೋಡಿ. ವಾಸನೆ ಇನ್ನೂ ನಂಬಿಕಸ್ಥ. ತಟ್ಟೆಯ ಹತ್ತಿರ ಹೋದಾಗ ಸಿಹಿ ಘಮ ಬಂದರೆ ಫ್ರಿಜ್‌ಗಿಡುವ ಹೊತ್ತಾಯಿತು. ಘಮದ ಜೊತೆ ಮದ್ಯದ ಚುರುಕು ಸೇರಿದ್ದರೆ ಹೊತ್ತು ಮೀರಿದೆ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಮನೆಯಲ್ಲಿ ಮಾಗಿಸಿದರೆ ಪ್ಲಮ್ ಮೆತ್ತಗಾಗುತ್ತದೆ, ಘಮ ಬರುತ್ತದೆ, ಹುಳಿ ತಗ್ಗುತ್ತದೆ. ಸಕ್ಕರೆ ಮಾತ್ರ ಹೆಚ್ಚುವುದಿಲ್ಲ. ಬಾಳೆಕಾಯಿಯಲ್ಲಿ ಸಕ್ಕರೆಯಾಗಲು ಪಿಷ್ಟ ತುಂಬಿರುತ್ತದೆ, ಪ್ಲಮ್‌ನಲ್ಲಿ ಅಂಥ ದಾಸ್ತಾನು ಇಲ್ಲವೆನ್ನುವಷ್ಟು ಕಡಿಮೆ. ಮರದಿಂದ ಎಷ್ಟು ಸಿಹಿ ಹೊತ್ತು ತಂದಿದೆಯೋ ಅಷ್ಟೇ. ಹುಳಿ ತಗ್ಗುವುದರಿಂದ ನಮಗೆ ಸಿಹಿ ಹೆಚ್ಚಿದ ಹಾಗೆ ಅನ್ನಿಸುತ್ತದೆ. ಎಳೆಯದಾಗಿ ಕಿತ್ತ ಕಾಯಿಯನ್ನು ಯಾವ ಚೀಲವೂ ಸಿಹಿ ಮಾಡದು.

ಹಣ್ಣಾದವನ್ನು ಫ್ರಿಜ್‌ನಲ್ಲಿಡುವಾಗ ತೂತಿರುವ ಚೀಲ ಅಥವಾ ಮುಚ್ಚಳ ಸಡಿಲವಾದ ಡಬ್ಬಿ, ತಳಕ್ಕೊಂದು ಒಣ ಬಟ್ಟೆ. ಸೊಪ್ಪಿನ ಪಕ್ಕ ಇಡಬೇಡಿ, ಎಥಿಲೀನ್‌ಗೆ ಸೊಪ್ಪು ಬೇಗ ಹಳದಿಯಾಗುತ್ತದೆ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದರೆ ಘಮ ತೆರೆದುಕೊಳ್ಳುತ್ತದೆ. ಕೊಯ್ದ ಹಣ್ಣನ್ನು ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್‌ಗೆ ಸೇರಿಸಿ ಮಾರನೇ ದಿನದೊಳಗೆ ಮುಗಿಸಿ. ಜಾಸ್ತಿ ಹಣ್ಣಾಗಿಬಿಟ್ಟರೆ ಹೋಳು ಮಾಡಿ, ಗೊರಟು ತೆಗೆದು, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಮೈನಸ್ 18 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಕರಗಿದ ಮೇಲೆ ಮೆತ್ತಗಾಗುತ್ತದೆ, ಹಾಗೇ ತಿನ್ನಲು ಚೆನ್ನಾಗಿರದು. ಜ್ಯೂಸ್, ಜಾಮ್‌ಗೆ ಅಡ್ಡಿಯಿಲ್ಲ. ಗೊರಟನ್ನು ಒಡೆದು ಒಳಗಿನ ಬೀಜ ತಿನ್ನಲು ಮಕ್ಕಳಿಗೆ ಬಿಡಬೇಡಿ. ಅದರಲ್ಲಿರುವ ಅಮಿಗ್ಡಲಿನ್ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ.

ಇನ್ನು ಉಳಿದ ಏಳು ಹಣ್ಣು. ಎಸೆಯಬೇಡಿ, ಎಲ್ಲವನ್ನೂ ಹೊರಗಿಟ್ಟು ಕಾಯುತ್ತಾ ಕೂರಲೂಬೇಡಿ. ಈಗಲೇ ಒಂದನ್ನು ತೆಗೆದುಕೊಳ್ಳಿ. ತೊಟ್ಟಿನಿಂದ ತುದಿವರೆಗೆ ಮೈಮೇಲೊಂದು ಸಣ್ಣ ಗೆರೆ ಇರುತ್ತದೆ ನೋಡಿ, ಅದರ ಗುಂಟ ಗೊರಟು ತಾಗುವವರೆಗೆ ಸುತ್ತ ಕೊಯ್ದು ಎರಡು ಹೋಳನ್ನು ಎದುರು ದಿಕ್ಕಿಗೆ ತಿರುಚಿ. ಗೊರಟು ಬಿಟ್ಟು ಬರದಿದ್ದರೆ ಪರವಾಗಿಲ್ಲ, ಬೇಕಿರುವುದು ಅದರ ಸುತ್ತಲಿನ ತಿರುಳು. ಅಲ್ಲೇ ಕಂದು ಮೊದಲು ಕಾಣುವುದು. ಕಂದು ಕಂಡರೆ ಉಳಿದವನ್ನೂ ಇವತ್ತೇ ಕೊಯ್ದು, ಕಂದು ಭಾಗ ಕೆತ್ತಿ, ಸಕ್ಕರೆ ಹಾಕಿ ಬೇಯಿಸಿಬಿಡಿ. ಹಿಟ್ಟು ಹಿಟ್ಟಾದದ್ದು ಬೆಂದ ಮೇಲೆ ಗೊತ್ತಾಗುವುದಿಲ್ಲ. ತಿರುಳು ಸ್ವಚ್ಛವಾಗಿದ್ದರೆ ಇನ್ನೊಂದನ್ನು ಮಾತ್ರ ಹೊರಗಿಟ್ಟು ನಾಡಿದ್ದು ಕೊಯ್ಯಿರಿ. ಅದೂ ಚೆನ್ನಾಗಿದ್ದರೆ ಉಳಿದ ಐದನ್ನು ಹೊರಗೆ ತೆಗೆದು ಹಣ್ಣಾಗಲು ಬಿಡಿ. ಈ ಸಲ ತೊಳೆಯದೆ.